ವಿಡಿಯೊದಲ್ಲಿ ಲಿಂಕ್ ಎಲ್ಲಿಡಬೇಕು? ಮಲೆನಾಡಿನವರಿಗೊಂದು ಹೋಲಿಕೆ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮೂರಲ್ಲಿ ಪಕ್ಕದ ಮನೆಯ ಅಕ್ಕ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಮಿಡಿ ಉಪ್ಪಿನಲ್ಲಿ ಚಿರುಟುವುದರಿಂದ ಹಿಡಿದು ಖಾರ ಅರೆದು ಭರಣಿಗೆ ತುಂಬುವವರೆಗೆ ಏಳು ನಿಮಿಷದ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಿಕೊಟ್ಟಿದ್ದೆ. ಕೊನೆಯಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ "ಬೇಕಾದವ್ರು ಕೆಳಗಿರೋ ಲಿಂಕ್ ಒತ್ತಿ" ಎನ್ನುತ್ತಾರೆ. ಆ ಮಾತು ಹೇಳಿಕೊಟ್ಟವನು ನಾನೇ. ನಾಲ್ಕು ದಿನ ಕಳೆದ ಮೇಲೆ ಹುಬ್ಬಳ್ಳಿಯಿಂದ ಒಬ್ಬರು ಹೇಗೋ ನಂಬರ್ ಹುಡುಕಿಕೊಂಡು ಫೋನ್ ಮಾಡಿದರು. "ಕೆಳಗ ಲಿಂಕ್ ಅದ ಅಂದ್ರಿ, ಇಲ್ಲಿ ಕೆಳಗ ಏನೂ ಇಲ್ರೀ ಅಕ್ಕಾರ." ವಿಚಾರಿಸಿದರೆ ಅವರು ಯೂಟ್ಯೂಬ್ ತೆರೆದೇ ಇರಲಿಲ್ಲ. ಯಾರೋ ವಿಡಿಯೊ ಇಳಿಸಿಕೊಂಡು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದರು. ಅಲ್ಲಿಂದ ಅದು ಊರೂರು ದಾಟಿ ಅವರ ಕೈಗೆ ಬಂದಿತ್ತು. ಅಕ್ಕನ ಮುಖ ಬಂದಿತ್ತು, ಮಾತು ಬಂದಿತ್ತು. ಲಿಂಕ್ ಮಾತ್ರ ಹಿಂದೆಯೇ ಉಳಿದಿತ್ತು.

ಆವತ್ತಿನಿಂದ ಯಾರು ವಿಡಿಯೊ ಮಾಡಿಸಲು ಬಂದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದು ಜನರ ಹತ್ತಿರ ಯಾವ ದಾರಿಯಲ್ಲಿ ಹೋಗುತ್ತದೆ? ವಿಡಿಯೊ ನಡುವೆ ಮೂಡುವ ಲಿಂಕು, ಅಂದರೆ ಕಾರ್ಡ್ ಹಾಕಬೇಕೋ, ಕೊನೆಯಲ್ಲಿ ಮೂಡುವ ಎಂಡ್ ಸ್ಕ್ರೀನ್ ಹಾಕಬೇಕೋ, ಕ್ಯುಆರ್ ಸಾಕೋ ಎಂಬುದೆಲ್ಲ ಅದರ ನಂತರದ ಮಾತು.

ಲಿಂಕ್ ಇರುವುದು ವಿಡಿಯೊದ ಒಳಗಲ್ಲ

ನಾವು ಫೋನಿನಲ್ಲಿ ತೆಗೆದು ಎಡಿಟ್ ಮಾಡಿ ಇಟ್ಟುಕೊಳ್ಳುವ ಎಂಪಿ4 ಫೈಲಿನಲ್ಲಿ ಇರುವುದು ಚಿತ್ರ ಮತ್ತು ಧ್ವನಿ. ಎಡಿಟ್ ಮಾಡುವಾಗ "ಇಲ್ಲಿ ಒತ್ತಿ" ಎಂದು ಚೆಂದದ ಗುಂಡಿ ಬರೆದರೂ ಅದು ಗುಂಡಿಯ ಚಿತ್ರ ಅಷ್ಟೇ. ಬೆರಳಿಟ್ಟರೆ ವಿಡಿಯೊ ನಿಲ್ಲುತ್ತದೆ, ಬೇರೇನೂ ಆಗುವುದಿಲ್ಲ. ನಿಜವಾಗಿ ಒತ್ತಬಹುದಾದ ಲಿಂಕನ್ನು ಇಡುವುದಕ್ಕೆ ಎರಡೇ ಜಾಗ. ಒಂದು, ವಿಡಿಯೊ ಆಡಿಸುವ ಪ್ಲೇಯರ್ ಚಿತ್ರದ ಮೇಲೆ ತಾನೇ ಹಾಸುವ ಪದರ. ಇನ್ನೊಂದು, ವಿಡಿಯೊ ಕೂತಿರುವ ಪುಟದ ಬರಹ, ಅಂದರೆ ಡಿಸ್ಕ್ರಿಪ್ಷನ್ (ವಿಡಿಯೊ ಕೆಳಗಿನ ವಿವರಣೆ), ಕಾಮೆಂಟ್, ಕ್ಯಾಪ್ಷನ್. ಫೈಲ್ ಆ ಮನೆ ಬಿಟ್ಟು ಹೊರಟಿತೆಂದರೆ ಎರಡೂ ಅಲ್ಲೇ ಉಳಿಯುತ್ತವೆ. ಜೊತೆಗೆ ಹೋಗುವುದು ಚಿತ್ರದಲ್ಲೇ ಅಚ್ಚಾದದ್ದು ಮಾತ್ರ: ಫೋನ್ ನಂಬರ್, ಕ್ಯುಆರ್, ಬಾಯಲ್ಲಿ ಹೇಳಿದ ಮಾತು.

ಇವುಗಳ ಗುಣವೂ ಒಂದಕ್ಕೊಂದು ಉಲ್ಟಾ. ಪ್ಲೇಯರಿನಲ್ಲಿ ಮತ್ತು ಪುಟದಲ್ಲಿ ಇಟ್ಟ ಲಿಂಕನ್ನು ಯಾವಾಗ ಬೇಕಾದರೂ ಬದಲಿಸಬಹುದು, ಆದರೆ ಅದು ಪ್ರಯಾಣ ಮಾಡುವುದಿಲ್ಲ. ಚಿತ್ರದಲ್ಲಿ ಅಚ್ಚಾದದ್ದು ಎಲ್ಲಿಗೆ ಬೇಕಾದರೂ ಹೋಗುತ್ತದೆ, ಆದರೆ ತಿದ್ದುವ ಹಾಗಿಲ್ಲ. ಯೂಟ್ಯೂಬಿನಲ್ಲಿ ಒಮ್ಮೆ ಹಾಕಿದ ವಿಡಿಯೊದ ಜಾಗದಲ್ಲಿ ಅದೇ ವಿಳಾಸಕ್ಕೆ ಹೊಸ ಫೈಲ್ ಕೂರಿಸಲು ಬರುವುದಿಲ್ಲ. ತುಣುಕು ಕತ್ತರಿಸಬಹುದು, ಮಸುಕು ಮಾಡಬಹುದು, ಅಷ್ಟೇ. ಹಾಗಾಗಿ ನಾಳೆ ಬದಲಾಗಬಹುದಾದ ಬೆಲೆ, ಅಂಗಡಿಯ ವಿಳಾಸ, ಆರ್ಡರ್ ಫಾರ್ಮ್ ಇವೆಲ್ಲ ಪುಟದಲ್ಲಿರಲಿ. ಹತ್ತು ವರ್ಷ ಬದಲಾಗದ್ದು ಮಾತ್ರ ಚಿತ್ರದಲ್ಲಿರಲಿ.

ಯೂಟ್ಯೂಬಿನ ಕಾರ್ಡ್ ಮತ್ತು ಎಂಡ್ ಸ್ಕ್ರೀನ್

2008ರಲ್ಲಿ ಯೂಟ್ಯೂಬ್ ಅನೊಟೇಷನ್ ಎಂಬ ಸೌಲಭ್ಯ ತಂದಿತ್ತು. ಚಿತ್ರದ ಮೇಲೆ ಎಲ್ಲಿ ಬೇಕಾದರೂ ಒತ್ತಬಹುದಾದ ಚೌಕ ಕೂರಿಸಬಹುದಿತ್ತು, ಆದರೆ ಮೊಬೈಲಿನಲ್ಲಿ ಅದು ಕೆಲಸ ಮಾಡುತ್ತಿರಲಿಲ್ಲ. ಜನ ಫೋನಿಗೆ ಬಂದ ಮೇಲೆ ಅದಕ್ಕೆ ಉಳಿಗಾಲವೂ ಇರಲಿಲ್ಲ. 2017ರ ಮೇ ತಿಂಗಳಲ್ಲಿ ಹೊಸದಾಗಿ ಹಾಕುವುದು ನಿಂತಿತು, 2019ರ ಜನವರಿ 15ರಿಂದ ಹಳೆಯವೂ ಕಾಣದಾದವು. ಆ ಕಾಲದ ವಿಡಿಯೊಗಳಲ್ಲಿ ಇವತ್ತಿಗೂ ಜನ ಒಂದು ಮೂಲೆಗೆ ಬೆರಳು ತೋರಿಸಿ "ಇಲ್ಲಿ ಒತ್ತಿ" ಎನ್ನುತ್ತಿರುತ್ತಾರೆ, ಅಲ್ಲಿ ಬರೀ ಗೋಡೆ. ಇದನ್ನು ನೋಡಿಯೇ ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ: ವಿಡಿಯೊದಲ್ಲಿ ಜಾಗ ತೋರಿಸಿ ಮಾತಾಡಿಸುವುದಿಲ್ಲ. "ಮೇಲೆ", "ಕೆಳಗೆ", "ಬಲಗಡೆ" ಯಾವುದೂ ಬೇಡ.

ಅದರ ಬದಲು ಬಂದದ್ದು 2015ರಲ್ಲಿ ಕಾರ್ಡ್, 2016ರಲ್ಲಿ ಎಂಡ್ ಸ್ಕ್ರೀನ್. ಒಂದು ವಿಡಿಯೊಗೆ ಐದು ಕಾರ್ಡ್ ಹಾಕಬಹುದು. ಹೇಳಿದ ಹೊತ್ತಿಗೆ ಮೂಲೆಯಲ್ಲಿ ಒಂದು ಸಾಲು ಮೂಡಿ ಮಾಯವಾಗುತ್ತದೆ. ಎಂಡ್ ಸ್ಕ್ರೀನ್ ಬರುವುದು ವಿಡಿಯೊದ ಕೊನೆಯ 5ರಿಂದ 20 ಸೆಕೆಂಡಿನಲ್ಲಿ. ವಿಡಿಯೊ ಕನಿಷ್ಠ 25 ಸೆಕೆಂಡಿನದಾಗಿರಬೇಕು. ಅಡ್ಡ ವಿಡಿಯೊದಲ್ಲಿ ಒತ್ತಬಹುದಾದ ನಾಲ್ಕರವರೆಗೆ ಚೌಕಗಳನ್ನು ಕೂರಿಸಬಹುದು.

ಇಲ್ಲಿ ಬಹಳ ಜನ ಎಡವುವುದು ಒಂದು ಕಡೆ. ಕಾರ್ಡಿನಿಂದಲೋ ಎಂಡ್ ಸ್ಕ್ರೀನಿನಿಂದಲೋ ಯೂಟ್ಯೂಬ್ ಒಳಗಿನ ಇನ್ನೊಂದು ವಿಡಿಯೊ, ಪ್ಲೇಲಿಸ್ಟ್, ಚಾನೆಲ್‌ಗೆ ಯಾರು ಬೇಕಾದರೂ ದಾರಿ ಕೊಡಬಹುದು. ಹೊರಗಿನ ಜಾಲತಾಣಕ್ಕೆ ಕೊಡಬೇಕಾದರೆ ಚಾನೆಲ್, ಗಳಿಕೆಗೆ ದಾರಿ ಮಾಡುವ ಯೂಟ್ಯೂಬ್ ಪಾರ್ಟ್‌ನರ್ ಪ್ರೋಗ್ರಾಂನಲ್ಲಿ ಇರಬೇಕು. ಜಾಹೀರಾತಿನ ಹಣ ಬರುವ ಹಂತಕ್ಕೆ 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು ಎಂದರೆ ಆ ಬಾಗಿಲು ಎಷ್ಟು ಎತ್ತರದ್ದು ಎಂಬ ಅಂದಾಜು ಸಿಗುತ್ತದೆ. ವರ್ಷಕ್ಕೆ ಆರು ವಿಡಿಯೊ ಹಾಕುವ ಉಪ್ಪಿನಕಾಯಿಯ ಚಾನೆಲ್‌ಗೆ ಅದು ಬೇಗ ತೆರೆಯುವುದಿಲ್ಲ. ಆದ್ದರಿಂದ ಹೊಸಬರು ಈ ಎರಡನ್ನು ಮಾರಾಟದ ದಾರಿ ಎಂದುಕೊಳ್ಳಬೇಡಿ. ನಿಮ್ಮ ಒಂದು ವಿಡಿಯೊದಿಂದ ಇನ್ನೊಂದಕ್ಕೆ ಕರೆದೊಯ್ಯುವ ಕಾಲುಸಂಕ ಎಂದುಕೊಳ್ಳಿ. ಆ ಕೆಲಸವನ್ನು ಅವು ಚೆನ್ನಾಗಿ ಮಾಡುತ್ತವೆ.

ಎರಡರಲ್ಲಿ ಯಾವುದು? ನನ್ನ ಕೈಗೆ ಹೆಚ್ಚು ಫಲ ಕೊಟ್ಟದ್ದು ಎಂಡ್ ಸ್ಕ್ರೀನ್. ಕಾರ್ಡಿನ ಸಾಲು ಸಣ್ಣ ಪರದೆಯಲ್ಲಿ ಕಣ್ಣಿಗೇ ಬೀಳುವುದಿಲ್ಲ. ಎಂಡ್ ಸ್ಕ್ರೀನ್ ದೊಡ್ಡದು, ನೋಡುವವರು "ಮುಂದೇನು" ಎಂದುಕೊಳ್ಳುವ ಹೊತ್ತಿಗೇ ಬರುತ್ತದೆ. ಆದರೆ ಅದಕ್ಕೆ ಶೂಟಿಂಗಿನಲ್ಲೇ ಜಾಗ ಬಿಡಬೇಕು. ಅಕ್ಕನ ಎರಡನೇ ವಿಡಿಯೊದಲ್ಲಿ ಕೊನೆಯ 20 ಸೆಕೆಂಡು ಹೀಗೆ ತೆಗೆದೆವು: ಜಗಲಿಯ ಮೇಲೆ ಎಡಕ್ಕೆ ಅಕ್ಕ, ಮುಂದೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಭರಣಿ, ಬಲಗಡೆ ಅರ್ಧ ಪರದೆ ಖಾಲಿ ಗೋಡೆ. ಚೌಕಗಳು ಆ ಗೋಡೆಯ ಮೇಲೆ ಕೂತವು, ಅಕ್ಕನ ಮುಖ ಮುಚ್ಚಲಿಲ್ಲ. ಅಲ್ಲಿಯವರೆಗೂ ಮಾತು ನಿಂತಿರಬಾರದು. "ಜೀರಿಗೆ ಮಿಡಿಯದ್ದು ಬೇರೆ ಮಾಡಿದ್ದೇನೆ, ಅದನ್ನೂ ನೋಡಿ" ಎಂದು ಅವರು ಹೇಳುತ್ತಿರುವಾಗಲೇ ಅದರ ಚೌಕ ಬರಬೇಕು. ವಂದನೆ ಹೇಳಿ ಮುಗಿಸಿದ ಮೇಲೆ ಬಂದರೆ ಜನ ಎದ್ದು ಹೋಗಿರುತ್ತಾರೆ.

ಮಕ್ಕಳಿಗಾಗಿ ಎಂದು ಗುರುತು ಹಾಕಿದ ವಿಡಿಯೊಗಳಿಗೆ ಕಾರ್ಡ್, ಎಂಡ್ ಸ್ಕ್ರೀನ್, ಕಾಮೆಂಟ್ ಮೂರೂ ಇರುವುದಿಲ್ಲ. ಪದ್ಯ, ಕಥೆ ಹಾಕುವ ಮೇಷ್ಟ್ರು, ಟೀಚರುಗಳು ಇದನ್ನು ಮೊದಲೇ ತಿಳಿದಿರಬೇಕು. ಅವರಿಗೆ ಉಳಿಯುವುದು ಡಿಸ್ಕ್ರಿಪ್ಷನ್.

ಡಿಸ್ಕ್ರಿಪ್ಷನ್: ಬಡವರ ಬಂಧು

ಯೂಟ್ಯೂಬಿನಲ್ಲಿ ಒಂದೇ ಜಾಗ ಆರಿಸಿಕೊಳ್ಳಿ ಎಂದರೆ ನಾನು ಡಿಸ್ಕ್ರಿಪ್ಷನ್ ಎನ್ನುತ್ತೇನೆ. 5,000 ಅಕ್ಷರ ಬರೆಯಬಹುದು, ಎಷ್ಟು ಸಲ ಬೇಕಾದರೂ ತಿದ್ದಬಹುದು, ದುಡ್ಡಿಲ್ಲ. ಆದರೆ "ಮೋರ್" ಒತ್ತುವ ಮೊದಲು ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಬಹಳ ಜನ ಅಲ್ಲಿ "ನಮಸ್ಕಾರ ವೀಕ್ಷಕರೇ, ನಮ್ಮ ಚಾನೆಲ್‌ಗೆ ಸ್ವಾಗತ" ಎಂದು ಬರೆದು ಲಿಂಕನ್ನು ತಳಕ್ಕೆ ತಳ್ಳಿರುತ್ತಾರೆ. ಲಿಂಕ್ ಮೊದಲ ಸಾಲಿನಲ್ಲಿರಲಿ, ಮುಂದೆ ಎಚ್‌ಟಿಟಿಪಿಎಸ್ ಸಹಿತ ಪೂರ್ತಿ ಇರಲಿ.

ಇಲ್ಲೂ ಒಂದು ಬೀಗ ಇದೆ. ಹೊರಗಿನ ಲಿಂಕ್ ಒತ್ತುವಂತಾಗಲು ಚಾನೆಲ್‌ಗೆ "ಅಡ್ವಾನ್ಸ್ಡ್ ಫೀಚರ್ಸ್" ದೊರೆತಿರಬೇಕು. ಫೋನ್ ನಂಬರ್ ದೃಢಪಡಿಸಿ, ಆಮೇಲೆ ಗುರುತಿನ ಚೀಟಿಯನ್ನೋ ಮುಖದ ಕಿರು ವಿಡಿಯೊವನ್ನೋ ಕೊಡಬೇಕು. ಅದು ಬೇಡವಾದರೆ ಚಾನೆಲ್ ನಿಯಮ ಮುರಿಯದೆ ಕೆಲಕಾಲ ನಡೆದಿರಬೇಕು. ಚಾನೆಲ್ ನಿಭಾಯಿಸುವ ಯೂಟ್ಯೂಬ್ ಸ್ಟುಡಿಯೊದ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್, ಅದರೊಳಗೆ ಫೀಚರ್ ಎಲಿಜಿಬಿಲಿಟಿ ತೆರೆದರೆ ನಿಮ್ಮದು ಯಾವ ಹಂತದಲ್ಲಿದೆ ಎಂದು ಕಾಣುತ್ತದೆ. ಲಿಂಕ್ ಹಾಕಿದ್ದೇನೆ, ನೀಲಿಯಾಗುತ್ತಿಲ್ಲ ಎನ್ನುವವರು ಮೊದಲು ಅಲ್ಲಿ ನೋಡಿ. ಕಾಮೆಂಟ್ ಪಿನ್ ಮಾಡುವುದಕ್ಕೂ, ಅಂದರೆ ಎಲ್ಲಕ್ಕಿಂತ ಮೇಲೆ ನಿಲ್ಲಿಸುವುದಕ್ಕೂ, ಇದೇ ಹಂತ ಬೇಕು. ಪಿನ್ ಮಾಡಿದ ಕಾಮೆಂಟಿನಲ್ಲಿ ಅದೇ ಲಿಂಕನ್ನು ಇನ್ನೊಮ್ಮೆ ಹಾಕುವುದು ನನ್ನ ರೂಢಿ. ಡಿಸ್ಕ್ರಿಪ್ಷನ್ ತೆರೆಯದವರೂ ಕಾಮೆಂಟ್ ಓದುತ್ತಾರೆ.

ಡಿಸ್ಕ್ರಿಪ್ಷನ್ನಿನ ಇನ್ನೊಂದು ಗುಣಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ನಮ್ಮ ಬಂಧುವೊಬ್ಬರು ಅಡಿಕೆ ತೋಟಕ್ಕೆ ಕೊಳೆರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ ಮಾಡುವ ವಿಡಿಯೊ ಮಾಡಿಸಿದ್ದರು. ಮೈಲುತುತ್ತ 1 ಕಿಲೊ, ಸುಣ್ಣ 1 ಕಿಲೊ, ಒಟ್ಟು ನೀರು 100 ಲೀಟರ್. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಹದ ಬಂತೋ ಇಲ್ಲವೋ ಎಂದು ಉಜ್ಜಿದ ಕತ್ತಿಯನ್ನು ಅದ್ದಿ ನೋಡಬೇಕು. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಇದನ್ನು ನೋಡುವವರು ಸೋಫಾದಲ್ಲಿ ಕೂತಿರುವುದಿಲ್ಲ. ಮುಂಗಾರು ಹಿಡಿಯುವ ಮೊದಲು ಅಡಿಕೆ ಮರ ಹತ್ತುವ ಕೊನೆಗಾರರು ಬಂದು ನಿಂತಿದ್ದಾರೆ, ಡ್ರಮ್ ಮುಂದಿದೆ, ಕೈಯೆಲ್ಲ ನೀಲಿ, ಫೋನ್ ಪ್ಲಾಸ್ಟಿಕ್ ಕೊಟ್ಟೆಯೊಳಗಿದೆ. ಅವರಿಗೆ ಆ ಕತ್ತಿಯ ಭಾಗ ಮಾತ್ರ ಈಗಲೇ ಬೇಕು. ಹೊರಗಿನ ಯಾವ ಲಿಂಕೂ ಅವರಿಗೆ ಬೇಡ. ವಿಡಿಯೊದೊಳಗಿನ ಲಿಂಕ್ ಬೇಕು.

ಅದಕ್ಕೆ ಅಧ್ಯಾಯಗಳಿವೆ. ಡಿಸ್ಕ್ರಿಪ್ಷನ್ನಿನಲ್ಲಿ ಸಾಲಿಗೊಂದರಂತೆ ಸಮಯ ಮತ್ತು ಹೆಸರು ಬರೆದರೆ ಯೂಟ್ಯೂಬ್ ತಾನೇ ವಿಡಿಯೊವನ್ನು ಭಾಗ ಮಾಡಿ ಒತ್ತುವಂತೆ ಮಾಡುತ್ತದೆ. ಮೊದಲ ಸಾಲು 00:00 ಆಗಿರಬೇಕು, ಕನಿಷ್ಠ ಮೂರು ಸಾಲಿರಬೇಕು, ಒಂದೊಂದು ಭಾಗವೂ 10 ಸೆಕೆಂಡಿಗಿಂತ ಕಡಿಮೆ ಇರಬಾರದು. ನಾವು ಬರೆದದ್ದು ಹೀಗೆ: 00:00 ಬೇಕಾದ ಸಾಮಾನು, 01:10 ಮೈಲುತುತ್ತ ಕರಗಿಸುವುದು, 03:25 ಸುಣ್ಣದ ನೀರು, 05:40 ಬೆರೆಸುವ ಕ್ರಮ, 07:15 ಕತ್ತಿ ಪರೀಕ್ಷೆ. ಕಾಮೆಂಟಿನಲ್ಲಿ ಯಾರಾದರೂ "ಹದ ಹೇಗೆ ನೋಡೋದು" ಎಂದು ಕೇಳಿದರೆ 7:15 ಎಂದು ಬರೆದರೆ ಸಾಕು, ಅದೇ ಲಿಂಕಾಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಕಂಪ್ಯೂಟರಿನ ಶೇರ್ ಚೌಕದಲ್ಲಿ ಶುರುವಾಗುವ ಸಮಯಕ್ಕೆ ಗುರುತು ಹಾಕಿ ಲಿಂಕ್ ತೆಗೆದರೆ ಒತ್ತಿದವರು ನೇರ ಕತ್ತಿಯ ಮುಂದೆಯೇ ಇಳಿಯುತ್ತಾರೆ. ಕಲಿಸುವ, ಮಾಡಿ ತೋರಿಸುವ ವಿಡಿಯೊಗಳಿಗೆ ಇದಕ್ಕಿಂತ ಉಪಕಾರದ ಲಿಂಕ್ ನಾನು ಕಂಡಿಲ್ಲ.

ಶಾರ್ಟ್ಸ್, ರೀಲ್ಸ್: ಇಲ್ಲಿ ಆಯ್ಕೆ ಕಡಿಮೆ

ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2023ರ ಆಗಸ್ಟ್ 31ರಿಂದ ಡಿಸ್ಕ್ರಿಪ್ಷನ್ ಮತ್ತು ಕಾಮೆಂಟಿನ ಲಿಂಕುಗಳು ಒತ್ತಲು ಬರುವುದಿಲ್ಲ. ಮೋಸದ ಲಿಂಕುಗಳ ಹಾವಳಿ ತಡೆಯಲು ಮಾಡಿದ ಬದಲಾವಣೆ ಅದು. ಬದಲಿಗೆ ಶಾರ್ಟ್ಸ್‌ನಿಂದ ನಿಮ್ಮದೇ ಉದ್ದದ ವಿಡಿಯೊಗೆ "ರಿಲೇಟೆಡ್ ವಿಡಿಯೊ" ಎಂದು ಜೋಡಿಸಬಹುದು, ಚಾನೆಲ್ ಮುಖಪುಟದಲ್ಲಿ 14 ಲಿಂಕುಗಳವರೆಗೆ ಇಡಬಹುದು.

ಇನ್‌ಸ್ಟಾಗ್ರಾಂ ರೀಲ್ಸ್‌ನ ಕ್ಯಾಪ್ಷನ್ನಿನಲ್ಲಿ ಬರೆದ ವಿಳಾಸ ಬರೀ ಅಕ್ಷರ. ಪ್ರೊಫೈಲಿನ ಪರಿಚಯದ ಜಾಗ ಬಯೊದಲ್ಲಿ 2023ರಿಂದ ಐದು ಲಿಂಕ್ ಇಡಬಹುದು. ಸ್ಟೋರಿಯಲ್ಲಿ ಲಿಂಕ್ ಸ್ಟಿಕ್ಕರ್ 2021ರ ಅಕ್ಟೋಬರಿನಿಂದ ಎಲ್ಲರಿಗೂ ಸಿಗುತ್ತದೆ. ಅದಕ್ಕೂ ಮೊದಲು ಸಾಮಾನ್ಯ ಖಾತೆಗೆ 10,000 ಹಿಂಬಾಲಕರು ಬೇಕಿತ್ತು. ಸ್ಟೋರಿ 24 ಗಂಟೆಗೆ ಹೋಗುತ್ತದೆ, ಆದರೆ ಪ್ರೊಫೈಲಿನಲ್ಲೇ ನಿಲ್ಲುವ ಹೈಲೈಟ್‌ಗೆ ಸೇರಿಸಿಟ್ಟರೆ ಸ್ಟಿಕ್ಕರ್ ಸಹಿತ ಉಳಿಯುತ್ತದೆ. ಆಗುಂಬೆ, ಹೊಸನಗರ ಕಡೆ ಹೋಮ್‌ಸ್ಟೇ ನಡೆಸುವವರಿಗೆ ನಾನು ಹೇಳುವುದು ಇದನ್ನೇ. ಮಳೆಯ ರೀಲ್ ನೋಡಿ ಬಂದವರು ಪ್ರೊಫೈಲಿಗೆ ಬಂದೇ ಬರುತ್ತಾರೆ, ಅಲ್ಲಿ "ರೂಮು", "ದಾರಿ" ಎಂದು ಎರಡು ಹೈಲೈಟ್ ಇರಲಿ. ಒಂದರಲ್ಲಿ ಬುಕಿಂಗ್ ಲಿಂಕ್, ಇನ್ನೊಂದರಲ್ಲಿ ಮ್ಯಾಪ್. ನಮ್ಮ ಘಟ್ಟದ ರಸ್ತೆಯಲ್ಲಿ ಸಿಗ್ನಲ್ ಸಿಗದ ತಿರುವಿನಲ್ಲಿ ನಿಂತು ಮ್ಯಾಪ್ ಹುಡುಕುವ ಪರಿಸ್ಥಿತಿ ಬಾರದಂತೆ, "ಊರಿಂದ ಹೊರಡುವಾಗಲೇ ತೆರೆದಿಟ್ಟುಕೊಳ್ಳಿ" ಎಂದೂ ಬರೆಯಿರಿ.

ಫೇಸ್‌ಬುಕ್ಕಿನಲ್ಲಿ ವಿಡಿಯೊ ಜೊತೆಗಿನ ಬರಹದಲ್ಲಿ ಲಿಂಕ್ ಹಾಕಿದರೆ ಒತ್ತಬಹುದು. ಅಲ್ಲಿ ಹೆಚ್ಚು ಹೇಳುವುದೇನಿಲ್ಲ.

ವಾಟ್ಸ್‌ಆ್ಯಪ್: ನಮ್ಮ ಜನ ನಿಜವಾಗಿ ಇರುವ ಜಾಗ

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಪೇಟೆಗೆ ಹೋದಾಗ ಇಳಿಸಿಕೊಂಡು ಮನೆಯಲ್ಲಿ ನೋಡುವವರು ಇದ್ದಾರೆ. ಅವರಿಗೆ "ಫೈಲ್ ಕಳಿಸಬೇಡಿ, ಲಿಂಕ್ ಕಳಿಸಿ" ಎಂದು ಹೇಳುವುದು ಸರಿಯಲ್ಲ. ಎರಡನ್ನೂ ಒಪ್ಪಿಕೊಂಡು ವಿಡಿಯೊ ಮಾಡಬೇಕು.

ನಾವಾಗಿ ಕಳಿಸುವಾಗ ಯೂಟ್ಯೂಬ್ ಲಿಂಕನ್ನೇ ಕಳಿಸೋಣ. ಕಾರ್ಡ್, ಅಧ್ಯಾಯ, ಡಿಸ್ಕ್ರಿಪ್ಷನ್ ಎಲ್ಲ ಜೊತೆಗೆ ಸಿಗುತ್ತವೆ. ಫೈಲೇ ಕಳಿಸುವುದಾದರೆ ಅದರ ಕ್ಯಾಪ್ಷನ್ನಿನಲ್ಲಿ ಲಿಂಕ್ ಬರೆಯಿರಿ, ಅದು ಒತ್ತಲು ಬರುತ್ತದೆ. ಫಾರ್ವರ್ಡ್ ಮಾಡುವವರು ಕ್ಯಾಪ್ಷನ್ ತೆಗೆದು ಕಳಿಸಬಹುದು, ಗ್ಯಾಲರಿಗೆ ಇಳಿಸಿ ಮತ್ತೆ ಕಳಿಸಿದರಂತೂ ಅದು ಹೋಯಿತು ಎಂದೇ ಲೆಕ್ಕ. ಅದಕ್ಕೇ ಮೂರನೆಯ ಕಾವಲು: ಚಿತ್ರದಲ್ಲೇ ನಂಬರ್. ಶುರುವಿನಲ್ಲಿ ಐದು ಸೆಕೆಂಡು, ಕೊನೆಯಲ್ಲಿ ಹತ್ತು ಸೆಕೆಂಡು, ದೊಡ್ಡ ಅಂಕಿಯಲ್ಲಿ. ಬಾಯಲ್ಲೂ ಹೇಳಿಸಿ. ಕನ್ನಡಕ ಮರೆತ ಅಜ್ಜಿಗೂ ಕೇಳುತ್ತದೆ.

ಆ ನಂಬರ್ ಮನೆಯದ್ದಾಗಿರಬಾರದು. ಅಕ್ಕನಂಥವರ ಸ್ವಂತ ನಂಬರ್ ಗೊತ್ತಿಲ್ಲದ ಸಾವಿರ ಜನರ ಫೋನಿನಲ್ಲಿ ಶಾಶ್ವತವಾಗಿ ಉಳಿಯುವುದು ನನಗೆ ಒಪ್ಪಿಗೆಯಿಲ್ಲ. ವ್ಯಾಪಾರಕ್ಕೆ ಬೇರೆ ಸಿಮ್ ತೆಗೆದು ಅದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ. ಬ್ಯಾಂಕಿಗೆ, ಯುಪಿಐಗೆ ಕೊಟ್ಟ ನಂಬರ್ ಬೇಡವೇ ಬೇಡ. ಹಣ ಪಡೆಯುವ ಕ್ಯುಆರನ್ನೂ ವಿಡಿಯೊದಲ್ಲಿ ತೋರಿಸಬೇಡಿ.

ಡಿಸ್ಕ್ರಿಪ್ಷನ್ನಿಗೂ ಬಯೊಗೂ ಹಾಕಲು ವಾಟ್ಸ್‌ಆ್ಯಪಿನ ಚಾಟ್ ಲಿಂಕ್ ಬಹಳ ಒಳ್ಳೆಯದು. ಡಬ್ಲ್ಯುಎ ಡಾಟ್ ಎಂಇ (wa.me) ಎಂಬ ವಿಳಾಸದ ಮುಂದೆ ಓರೆ ಗೀಟು (/) ಹಾಕಿ 91 ಸೇರಿಸಿ ನಂಬರ್ ಬರೆದರೆ ಆಯಿತು. ಪ್ಲಸ್ ಚಿಹ್ನೆ, ಸೊನ್ನೆ, ಖಾಲಿ ಜಾಗ ಬೇಡ. ಒತ್ತಿದವರು ನಂಬರ್ ಸೇವ್ ಮಾಡದೆ ನೇರ ಮಾತಿಗಿಳಿಯಬಹುದು. ಮೊದಲೇ ಒಂದು ಸಂದೇಶ ತುಂಬಿಡಲೂ ಬರುತ್ತದೆ. ನಾವು ಯೂಟ್ಯೂಬಿನ ಲಿಂಕಿಗೆ "ಯೂಟ್ಯೂಬ್ ನೋಡಿದೆ, ಮಿಡಿ ಬೇಕು" ಎಂದೂ ಇನ್‌ಸ್ಟಾಗ್ರಾಂನದ್ದಕ್ಕೆ ಬೇರೆ ಮಾತನ್ನೂ ಇಟ್ಟೆವು. ಯಾವ ಕಡೆಯಿಂದ ಎಷ್ಟು ಜನ ಬಂದರು ಎಂದು ಅಕ್ಕ ಈಗ ತಾವೇ ಎಣಿಸುತ್ತಾರೆ.

ಕ್ಯುಆರ್ ಎಲ್ಲಿ ಸರಿ, ಎಲ್ಲಿ ತಪ್ಪು

ಕ್ಯುಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ಕಂಪನಿ ವಾಹನದ ಬಿಡಿಭಾಗಗಳ ಲೆಕ್ಕ ಇಡಲು ರೂಪಿಸಿತು. ವಿಡಿಯೊದಲ್ಲಿ ಅದಕ್ಕೊಂದು ಮೂಲ ತೊಡಕಿದೆ: ಫೋನಿನಲ್ಲಿ ನೋಡುತ್ತಿರುವವರು ಅದೇ ಫೋನಿನ ಕ್ಯಾಮೆರಾದಿಂದ ತಮ್ಮ ಪರದೆಯನ್ನು ಸ್ಕ್ಯಾನ್ ಮಾಡಲಾರರು. ಸ್ಕ್ರೀನ್‌ಶಾಟ್ ತೆಗೆದು ಓದಿಸಬಹುದು, ಆದರೆ ಎಷ್ಟು ಜನ ಅಷ್ಟು ಶ್ರಮ ಪಡುತ್ತಾರೆ? ಫೋನಿಗಾಗಿ ಮಾಡಿದ ವಿಡಿಯೊದಲ್ಲಿ ನಂಬರೇ ಮೇಲು.

ಟಿವಿಯಲ್ಲಿ, ಸಭೆಯ ಪ್ರೊಜೆಕ್ಟರಿನಲ್ಲಿ, ಮೇಳದ ಮಳಿಗೆಯಲ್ಲಿ ಲೆಕ್ಕ ತಿರುಗುತ್ತದೆ. ಅಲ್ಲಿ ಪರದೆ ಬೇರೆ, ಫೋನ್ ಬೇರೆ. ಒತ್ತುವ ಲಿಂಕಿಗೆ ಅರ್ಥವಿಲ್ಲ, ಕ್ಯುಆರೇ ಲಿಂಕ್. ಎಡ ಮೂಲೆಯಲ್ಲಿ ಮೂರು ಸೆಕೆಂಡು ಮಿನುಗಿಸಿದರೆ ಸಾಲದು, ಕಿಸೆಯಿಂದ ಫೋನ್ ತೆಗೆಯುವಷ್ಟು ಹೊತ್ತು, ಹದಿನೈದು ಸೆಕೆಂಡಾದರೂ ನಿಲ್ಲಿಸಿ. ಉದ್ದದ ವಿಳಾಸ ತುಂಬಿದರೆ ಚುಕ್ಕಿಗಳು ಕಿಕ್ಕಿರಿದು, ವಾಟ್ಸ್‌ಆ್ಯಪ್ ಕುಗ್ಗಿಸಿದ ವಿಡಿಯೊದಲ್ಲಿ ಕಲಸಿಹೋಗುತ್ತವೆ. ಕೋಡಿನ ಅತಿ ಗಟ್ಟಿಯ ಹಂತದಲ್ಲಿ ಸುಮಾರು 30% ಹಾಳಾದರೂ ಓದಬಹುದು, ಆದರೆ ಆ ಗಟ್ಟಿತನಕ್ಕೆ ಚುಕ್ಕಿಗಳೂ ಹೆಚ್ಚು ಬೇಕು. ಚಿಕ್ಕ ವಿಳಾಸ, ದೊಡ್ಡ ಚೌಕ, ಸುತ್ತ ಬಿಳಿ ಅಂಚು. ಕನ್ನಡದ ಸಂದೇಶ ತುಂಬಿದ ಚಾಟ್ ಲಿಂಕ್ ಒಳಗೊಳಗೆ ಬಹಳ ಉದ್ದವಾಗುತ್ತದೆ, ಕ್ಯುಆರ್‌ಗೆ ಸಂದೇಶವಿಲ್ಲದ ಲಿಂಕನ್ನೇ ಕೊಡಿ.

ಚಿಕ್ಕದಾಗಲಿ ಎಂದು ಯಾವುದೋ ಬಿಟ್ಟಿ ಸೇವೆಯ ಮೊಟಕು ಲಿಂಕನ್ನು ಅಚ್ಚು ಹಾಕುವ ಮೊದಲು ಯೋಚಿಸಿ. ಗೂಗಲ್ ಕೂಡ ತನ್ನ ಗೂ ಡಾಟ್ ಜಿಎಲ್ ಎಂಬ ಮೊಟಕು ಸೇವೆಯಲ್ಲಿ ಹೊಸ ಲಿಂಕ್ ಮಾಡುವುದನ್ನು 2019ರ ಮಾರ್ಚಿನಲ್ಲಿ ನಿಲ್ಲಿಸಿತು. ಕ್ಯುಆರ್ ಮಾಡಿಕೊಡುವ ಕೆಲವು ತಾಣಗಳೂ ತಮ್ಮದೇ ವಿಳಾಸವನ್ನು ನಡುವೆ ಇಟ್ಟು, ಅವಧಿ ಮುಗಿದ ಮೇಲೆ ಹಣ ಕೇಳುತ್ತವೆ. ನೇರ ವಿಳಾಸ ತುಂಬಿದ ಕ್ಯುಆರ್‌ಗೆ ಅವಧಿಯೇ ಇಲ್ಲ.

ಕ್ಯುಆರ್‌ನ ಒಳ್ಳೆಯ ಉಪಯೋಗ ನಮಗೆ ಸಿಕ್ಕಿದ್ದು ತಿರುವುಮುರುವಾಗಿ. ಭರಣಿಯ ಚೀಟಿಯ ಮೇಲೆ ಅಚ್ಚು ಹಾಕಿಸಿದೆವು. ತಿಂದವರು ಅದನ್ನು ಸ್ಕ್ಯಾನ್ ಮಾಡಿ ಅಕ್ಕ ಮಿಡಿ ಆರಿಸುವುದನ್ನು ನೋಡುತ್ತಾರೆ.

ಪಾಠ ಹೇಳುವವರಿಗೆ ಒಂದು ಮಾತು

ವಿಡಿಯೊ ನಡುವೆ ನಿಲ್ಲಿಸಿ ಪ್ರಶ್ನೆ ಕೇಳುವ, ಚಿತ್ರದ ಮೇಲೆ ಬೇಕಾದಲ್ಲಿ ಲಿಂಕ್ ಇಡುವ ಸೌಲಭ್ಯ ಬೇಕಾದರೆ ಎಚ್‌5ಪಿ ನೋಡಿ. ಮುಕ್ತ ತಂತ್ರಾಂಶ, ಆನ್‌ಲೈನ್ ಪಾಠ ನಡೆಸುವ ಮೂಡಲ್ ಮತ್ತು ಜಾಲತಾಣ ಕಟ್ಟುವ ವರ್ಡ್‌ಪ್ರೆಸ್‌ನಲ್ಲಿ ನಡೆಯುತ್ತದೆ. ಯೂಟ್ಯೂಬಿನಂಥ ಇನ್ನೊಂದು ವಿಡಿಯೊ ತಾಣ ವಿಮಿಯೊದಲ್ಲೂ ಇಂಥ ಸೌಲಭ್ಯವಿದೆ, ಅದಕ್ಕೆ ದುಬಾರಿ ಚಂದಾ. ಎರಡೂ ತಮ್ಮ ಪ್ಲೇಯರಿನಲ್ಲಷ್ಟೇ ಜೀವಂತ. ನೆಟ್ ಇರುವ ಲ್ಯಾಬಿನಲ್ಲಿ ಕೂತ ತರಗತಿಗೆ ಸೊಗಸು, ಗುಡ್ಡದ ಮೇಲೆ ಸಿಗ್ನಲ್ ಹುಡುಕುವ ಹುಡುಗರಿಗೆ ಅಲ್ಲ.

ಯಾವುದನ್ನೇ ಆರಿಸಿಕೊಂಡರೂ ಹಾಕಿದ ದಿನವೇ ಒಂದು ಪರೀಕ್ಷೆ ಮಾಡಿ. ನಿಮ್ಮದಲ್ಲದ ಫೋನಿನಲ್ಲಿ, ನಿಮ್ಮ ಖಾತೆ ಇಲ್ಲದೆ, ಮೊಬೈಲ್ ಡೇಟಾದಲ್ಲಿ ತೆರೆದು ಪ್ರತಿ ಲಿಂಕನ್ನೂ ಒತ್ತಿ. ಆಮೇಲೆ ಫೈಲನ್ನು ವಾಟ್ಸ್‌ಆ್ಯಪಿನಲ್ಲಿ ಒಬ್ಬರಿಗೆ ಕಳಿಸಿ, ಅವರು ಇನ್ನೊಬ್ಬರಿಗೆ, ಅವರು ಮತ್ತೆ ನಿಮಗೆ ಕಳಿಸಲಿ. ಹಾಗೆ ಬಂದದ್ದನ್ನು ಡೇಟಾ ಬಂದ್ ಮಾಡಿ ನೋಡಿ. ಅಕ್ಕನ ಎರಡನೇ ವಿಡಿಯೊ ಹೀಗೆ ಸುತ್ತಿ ಬಂದಾಗ ಬಣ್ಣ ಸ್ವಲ್ಪ ಮಾಸಿತ್ತು, ಅಂಕಿಗಳು ಓದುವಂತಿದ್ದವು, ಅಕ್ಕ ಹತ್ತೂ ಅಂಕಿಗಳನ್ನು ಒಂದೊಂದಾಗಿ ನಿಧಾನಕ್ಕೆ ಹೇಳುವುದು ಸ್ಪಷ್ಟವಾಗಿ ಕೇಳುತ್ತಿತ್ತು.